ಬೆರೆಸಿದ್ದಾಯಿತು, ಬೇರ್ಪಡಲಿಲ್ಲ: ಚಾರ್ಜ್ ಹೊತ್ತ ಪಾಲಿಮರ್ ದ್ರಾವಣಗಳಲ್ಲಿ ದೋಷ ಹುಡುಕುವ ಬಗೆ

ಒಂದು ಟ್ಯೂಬಿನಲ್ಲಿ ಧನ ಚಾರ್ಜಿನ ಪಾಲಿಮರ್, ಇನ್ನೊಂದರಲ್ಲಿ ಋಣ ಚಾರ್ಜಿನದು. ಎರಡೂ ನೀರಿನಷ್ಟೇ ತಿಳಿ. ಒಂದನ್ನು ಇನ್ನೊಂದಕ್ಕೆ ಸುರಿದ ಕೂಡಲೇ ಹಾಲಿನಂತೆ ಬೆಳ್ಳಗಾಗಬೇಕು. ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ಮಂದವಾದ ಒಂದು ದ್ರವದ ಪದರ ಕೂರಬೇಕು, ಮೇಲೆ ತಿಳಿ ನೀರು ನಿಲ್ಲಬೇಕು. ಆ ಮಂದ ದ್ರವಕ್ಕೆ ಕೋಅಸರ್ವೇಟ್ ಎನ್ನುತ್ತಾರೆ. ಡಚ್ ರಸಾಯನ ವಿಜ್ಞಾನಿಗಳಾದ ಬುಂಗೆನ್‌ಬರ್ಗ್ ಡಿ ಯೋಂಗ್ ಮತ್ತು ಕ್ರೌಟ್ 1929ರಲ್ಲಿ ಈ ಹೆಸರು ಕೊಟ್ಟರು. ರಾಶಿ ಹಾಕು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಪುಸ್ತಕದಲ್ಲಿ ಇದು ಎರಡು ಸಾಲಿನ ಕೆಲಸ. ಟ್ಯೂಬಿನಲ್ಲಿ ಮಾತ್ರ ಒಮ್ಮೊಮ್ಮೆ ಏನೂ ಆಗುವುದಿಲ್ಲ, ಒಮ್ಮೊಮ್ಮೆ ಬಿಳಿ ಗಂಟುಗಳು ತೇಲುತ್ತವೆ, ಒಮ್ಮೊಮ್ಮೆ ಮಬ್ಬು ದಿನಗಟ್ಟಲೆ ಹಾಗೇ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವ ತಪ್ಪು ಒಂದೇ. ಪಾಲಿಮರ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದು ತರಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಪಾಲಿಮರ್ ಕೆಟ್ಟದ್ದು ಅಪರೂಪ. ಲೆಕ್ಕ ಕೆಟ್ಟದ್ದೇ ಜಾಸ್ತಿ. ಗ್ರಾಂ ಎಣಿಸಿರುತ್ತೇವೆ, ಚಾರ್ಜ್ ಎಣಿಸಿರುವುದಿಲ್ಲ. ಉಪ್ಪು ಹಾಕಿಲ್ಲ ಅಂದುಕೊಂಡಿರುತ್ತೇವೆ, ಉಪ್ಪು ಆಗಲೇ ಒಳಗಿರುತ್ತದೆ.

## ಕೈ ಹಾಕುವ ಮುನ್ನ

ಕನ್ನಡಕ ಮತ್ತು ಕೈಗವಸು ಬೇಕೇ ಬೇಕು. ಧನ ಚಾರ್ಜಿನ ಪಾಲಿಮರ್‌ಗಳು, ಅದರಲ್ಲೂ ಪಾಲಿಎಥಿಲೀನ್ ಇಮೈನ್‌ನಂಥವು, ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ. ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಋಣ ಚಾರ್ಜ್ ಇರುತ್ತದೆ. ಟ್ಯೂಬಿನಲ್ಲಿ ಇವು ಏನಕ್ಕೆ ಅಂಟುತ್ತವೋ ಮೈಯಲ್ಲೂ ಅಂಥದ್ದಕ್ಕೇ ಅಂಟುತ್ತವೆ. ಪುಡಿ ತೂಗುವಾಗ ಧೂಳು ಉಸಿರಿಗೆ ಹೋಗದಂತೆ ನೋಡಿಕೊಳ್ಳಿ.

ಮೂರು ವಿಷಯ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ನೆಲಕ್ಕೆ ಚೆಲ್ಲಿದ ಪಾಲಿಮರ್ ಮೇಲೆ ನೀರು ಹಾಕಿದರೆ ಕಾಲಿಟ್ಟವರು ಜಾರಿ ಬೀಳುತ್ತಾರೆ, ಮೊದಲು ಒಣ ಕಾಗದದಲ್ಲಿ ಒರೆಸಿ ತೆಗೆಯಿರಿ. ಎರಡೂ ಪಾಲಿಮರ್‌ಗಳ ಉಳಿಕೆಯನ್ನು ಒಂದೇ ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಅವು ಬೇರ್ಪಟ್ಟು ಅಂಟುತ್ತವೆ, ಅಲ್ಲಿ ಮಾತ್ರ ಪ್ರಯೋಗ ತಪ್ಪದೆ ಯಶಸ್ವಿಯಾಗುತ್ತದೆ! ಮೂರನೆಯದು ಗಂಭೀರ. ಅಮೈನ್ ಗುಂಪು ಇರುವ ಪಾಲಿಮರ್ ತೊಳೆಯಲು ಬ್ಲೀಚ್ ಬಳಸಬೇಡಿ. ಕ್ಲೋರಮೈನ್‌ಗಳು ಹುಟ್ಟುತ್ತವೆ, ಅವುಗಳ ಹೊಗೆ ವಿಷ.

## ಮೊದಲ ಪರೀಕ್ಷೆ: ಉಪ್ಪಿನ ಹನಿ

ಲಕ್ಷಣ ಯಾವುದೇ ಇರಲಿ, ಟ್ಯೂಬಿನಲ್ಲಿ ಮಬ್ಬಿದ್ದರೆ ಇದನ್ನು ಮೊದಲು ಮಾಡಿ. ಹೆಚ್ಚು ಖರ್ಚಿಲ್ಲ, ಐದು ನಿಮಿಷ ಸಾಕು.

2.34 ಗ್ರಾಂ ಸೋಡಿಯಂ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿ ಒಟ್ಟು 10 ಮಿಲಿಲೀಟರ್ ಮಾಡಿದರೆ 4 ಮೋಲಾರ್ ದ್ರಾವಣ ಸಿಗುತ್ತದೆ. ನಿಮ್ಮ ಮಬ್ಬು ದ್ರಾವಣದಿಂದ ಎರಡು ಟ್ಯೂಬಿಗೆ ಒಂದೊಂದು ಮಿಲಿಲೀಟರ್ ಹಾಕಿ. ಒಂದಕ್ಕೆ 100 ಮೈಕ್ರೊಲೀಟರ್ ಉಪ್ಪಿನ ದ್ರಾವಣ, ಇನ್ನೊಂದಕ್ಕೆ ಅಷ್ಟೇ ಬರೀ ನೀರು. ಎರಡನ್ನೂ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ ನೋಡಿ. ನೀರಿನ ಟ್ಯೂಬು ಯಾಕೆ ಅಂದರೆ, ತೆಳುವಾದದ್ದರಿಂದಲೇ ಮಬ್ಬು ಕಡಿಮೆಯಾಯಿತೇ ಎಂಬ ಅನುಮಾನ ಉಳಿಯಬಾರದು.

ಉಪ್ಪು ಹಾಕಿದ ಟ್ಯೂಬು ತಿಳಿಯಾದರೆ ಒಳ್ಳೆಯ ಸುದ್ದಿ. ನಿಮ್ಮ ಮಬ್ಬು ಚಾರ್ಜುಗಳ ಆಕರ್ಷಣೆಯಿಂದಲೇ ಬಂದದ್ದು. ತಿಳಿಯಾಗದಿದ್ದರೆ ಇನ್ನೂ ಎರಡು ಮೂರು ಸಲ 100 ಮೈಕ್ರೊಲೀಟರ್ ಸೇರಿಸಿ. ಆಗಲೂ ಹಾಗೇ ಇದ್ದರೆ ಒಂದೋ ಹಿಡಿತ ತುಂಬಾ ಬಿಗಿ, ಇಲ್ಲವೇ ಅದು ಚಾರ್ಜಿನ ಕೆಲಸವೇ ಅಲ್ಲ.

ಉಪ್ಪು ಯಾಕೆ ಸಾಕ್ಷಿ ಹೇಳುತ್ತದೆ? ಪಾಲಿಮರ್ ಸರಪಳಿಯ ಚಾರ್ಜುಗಳು ಒತ್ತೊತ್ತಾಗಿ ಕೂತಿರುತ್ತವೆ. ಹಾಗಾಗಿ ಎದುರು ಚಾರ್ಜಿನ ಪುಟ್ಟ ಅಯಾನುಗಳಲ್ಲಿ ಹಲವು ಸರಪಳಿಯ ಪಕ್ಕದಲ್ಲೇ ಸೆರೆಯಾಗಿರುತ್ತವೆ. ಪಾಲಿಸ್ಟೈರೀನ್ ಸಲ್ಫೊನೇಟ್‌ನಂಥ ಸರಪಳಿಯಲ್ಲಿ ಎರಡು ಚಾರ್ಜುಗಳ ನಡುವೆ ಸುಮಾರು 0.25 ನ್ಯಾನೋಮೀಟರ್ ಅಂತರ. ನೀರಿನಲ್ಲಿ ಇಷ್ಟು ಹತ್ತಿರ ಕೂರುವುದು ಸುಲಭವಲ್ಲ. ಮ್ಯಾನಿಂಗ್ ಎಂಬ ವಿಜ್ಞಾನಿ 1969ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಮೂರರಲ್ಲಿ ಸುಮಾರು ಎರಡು ಪಾಲು ಚಾರ್ಜನ್ನು ಈ ಸೆರೆಯಾಳುಗಳೇ ಮುಚ್ಚಿರುತ್ತವೆ. ಎರಡು ಸರಪಳಿಗಳು ಒಂದನ್ನೊಂದು ತಬ್ಬಿದಾಗ ಇವೆಲ್ಲ ಬಿಡುಗಡೆಯಾಗಿ ನೀರಿನಲ್ಲಿ ಓಡಾಡತೊಡಗುತ್ತವೆ. ಬೇರ್ಪಡಿಕೆಗೆ ಸಿಗುವ ದೊಡ್ಡ ಲಾಭ ಈ ಬಿಡುಗಡೆಯದು. ಹೊರಗೆ ಆಗಲೇ ಉಪ್ಪು ತುಂಬಿದ್ದರೆ ಬಿಡುಗಡೆಯಾಗಿ ಏನು ಪ್ರಯೋಜನ? ಸಂತೆಯಿಂದ ಸಂತೆಗೆ ಬಂದ ಹಾಗೆ. ಜೊತೆಗೆ, ಒಂದು ಚಾರ್ಜಿನ ಪ್ರಭಾವ ಎಷ್ಟು ದೂರ ತಲುಪುತ್ತದೆ ಎಂಬುದೂ ಕುಗ್ಗುತ್ತದೆ. 1 ಮಿಲಿಮೋಲಾರ್ ಉಪ್ಪಿನಲ್ಲಿ ಅದು ಸುಮಾರು 10 ನ್ಯಾನೋಮೀಟರ್, 100 ಮಿಲಿಮೋಲಾರ್‌ನಲ್ಲಿ ಸುಮಾರು 1, 1 ಮೋಲಾರ್‌ನಲ್ಲಿ 0.3.

## ಲಕ್ಷಣ: ಬೆರೆಸಿದರೂ ನೀರಿನಷ್ಟೇ ತಿಳಿ

ನಿಜವಾಗಿ ತಿಳಿಯಾಗಿದೆಯೇ? ಟ್ಯೂಬಿನ ಹಿಂದೆ ಕಪ್ಪು ಕಾಗದ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ಬೆಳಕಿನ ದಾರಿ ನೀಲಿಯಾಗಿ ಕಂಡರೆ ಒಳಗೆ ಸೂಕ್ಷ್ಮ ಕಣಗಳಿವೆ. ಅಂದರೆ ಸರಪಳಿಗಳು ಕೂಡಿವೆ, ದೊಡ್ಡ ಹನಿಯಾಗಿಲ್ಲ ಅಷ್ಟೆ. ಆಗ ಮುಂದಿನ ಲಕ್ಷಣಗಳಲ್ಲಿ "ಮಬ್ಬು ಕೂರುತ್ತಲೇ ಇಲ್ಲ" ಎಂಬುದನ್ನು ಓದಿ. ಬೆಳಕಿನ ದಾರಿಯೂ ಕಾಣದಿದ್ದರೆ ಇಲ್ಲೇ ಮುಂದುವರಿಯಿರಿ.

ಮೊದಲು ಪಿಎಚ್ ಅಳೆಯಿರಿ. ಬೆರೆಸುವ ಮುಂಚಿನದಲ್ಲ, ಬೆರೆಸಿದ ಮೇಲಿನದು. ಕೆಲವು ಪಾಲಿಮರ್‌ಗಳ ಚಾರ್ಜ್ ಯಾವಾಗಲೂ ಇರುತ್ತದೆ. ಪಾಲಿಸ್ಟೈರೀನ್ ಸಲ್ಫೊನೇಟ್ ಮತ್ತು ಪಾಲಿಡೈಅಲೈಲ್‌ಡೈಮಿಥೈಲ್ ಅಮೋನಿಯಂ ಕ್ಲೋರೈಡ್ ಆ ಜಾತಿ. (ಎರಡನೆಯದರ ಹೆಸರು ಉಸಿರು ಕಟ್ಟಿಸುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಪಿಡ್ಯಾಡ್‌ಮ್ಯಾಕ್ ಎಂದೇ ಕರೆಯುವುದು.) ಇನ್ನು ಕೆಲವುಗಳ ಚಾರ್ಜ್ ಪಿಎಚ್ ಹೇಳಿದಂತೆ ಕೇಳುತ್ತದೆ. ಪಾಲಿಅಕ್ರಿಲಿಕ್ ಆಸಿಡ್ ಪಿಎಚ್ 3ರಲ್ಲಿ ಬಹುಪಾಲು ಚಾರ್ಜ್ ಇಲ್ಲದೆ ಸುಮ್ನೆ ಕೂತಿರುತ್ತದೆ. ಪಾಲಿಲೈಸಿನ್ ಪಿಎಚ್ 11 ದಾಟಿದರೆ ತನ್ನ ಚಾರ್ಜ್ ಕಳೆದುಕೊಳ್ಳುತ್ತದೆ. ಕೈಟೊಸಾನ್ ಸುಮಾರು 6.5ಕ್ಕಿಂತ ಕೆಳಗಿದ್ದರೆ ಮಾತ್ರ ಚೆನ್ನಾಗಿ ಕರಗಿ ಚಾರ್ಜ್ ಹೊತ್ತಿರುತ್ತದೆ. ಎರಡೂ ಪಾಲಿಮರ್ ಒಟ್ಟಿಗೆ ಎಚ್ಚರ ಇರುವ ಪಿಎಚ್ ಕಿಟಕಿ ಎಲ್ಲಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ನೋಡಿ. ಪಾಲಿಅಕ್ರಿಲಿಕ್ ಮತ್ತು ಪಾಲಿಅಲೈಲ್‌ಅಮೈನ್ ಜೋಡಿಗೆ ಅದು 7ರ ಆಸುಪಾಸು.

ಜೆಲಟಿನ್ ಬಳಸುವವರಿಗೆ ಇಲ್ಲೊಂದು ಹಳ್ಳ ಇದೆ. ಆಮ್ಲದಲ್ಲಿ ಸಂಸ್ಕರಿಸಿದ ಎ ವಿಧದ ಜೆಲಟಿನ್ ಪಿಎಚ್ 7ರಿಂದ 9ರ ನಡುವೆ ಎಲ್ಲೋ ಧನದಿಂದ ಋಣಕ್ಕೆ ತಿರುಗುತ್ತದೆ. ಕ್ಷಾರದಲ್ಲಿ ಸಂಸ್ಕರಿಸಿದ ಬಿ ವಿಧದ್ದು ಸುಮಾರು 5ರಲ್ಲೇ ತಿರುಗುತ್ತದೆ. ಡಬ್ಬಿಯ ಮೇಲೆ ಎರಡಕ್ಕೂ ಜೆಲಟಿನ್ ಎಂದೇ ಇರುತ್ತದೆ. ಪಿಎಚ್ 6ರಲ್ಲಿ ಗಮ್ ಅರೇಬಿಕ್ ಜೊತೆ ಬೆರೆಸಿದರೆ ಎ ಜೋಡಿಯಾಗುತ್ತದೆ, ಬಿ ತಿರುಗಿಯೂ ನೋಡುವುದಿಲ್ಲ. ಹಳೆಯ ಪ್ರಯೋಗಗಳಲ್ಲಿ ಪಿಎಚ್ 4ರ ಸುತ್ತ ಕೆಲಸ ಮಾಡುತ್ತಿದ್ದದ್ದು ಇದಕ್ಕೇ. ಅಲ್ಲಿ ಎರಡು ಬಗೆಯ ಜೆಲಟಿನ್ನೂ ಧನ, ಗಮ್ ಇನ್ನೂ ಋಣ.

ಪಿಎಚ್ ಸರಿ ಇದ್ದರೆ ಒಳಗಿರುವ ಉಪ್ಪನ್ನು ಎಣಿಸಿ. ಫಾಸ್ಫೇಟ್ ಬಫರ್ ಸಲೈನ್‌ನಲ್ಲಿ ಕರಗಿಸಿದ್ದೀರಾ? ಆಗಲೇ ಸುಮಾರು 150 ಮಿಲಿಮೋಲಾರ್ ಉಪ್ಪು ಇದೆ. ದುರ್ಬಲ ಜೋಡಿಗೆ ಅಷ್ಟು ಸಾಕು, ಮಬ್ಬು ಹುಟ್ಟುವುದೇ ಇಲ್ಲ. ಪಿಎಚ್ ಸರಿಮಾಡಲು ಆಮ್ಲ ಹಾಕಿ, ಜಾಸ್ತಿಯಾಯಿತು ಎಂದು ಕ್ಷಾರ ಹಾಕಿ, ಮತ್ತೆ ಆಮ್ಲ ಹಾಕಿ ಆಟ ಆಡಿದ್ದರೆ ಅದೆಲ್ಲ ಉಪ್ಪಾಗಿ ಕೂತಿದೆ. ಇನ್ನೊಂದು ಗುಟ್ಟಿನ ಮೂಲವಿದೆ. ಪಾಲಿಮರ್ ತಾನೇ ತರುವ ಅಯಾನುಗಳು. ಚಾರ್ಜ್ ಲೆಕ್ಕದಲ್ಲಿ 0.5 ಮೋಲಾರ್ ಇರುವ ಎರಡು ದ್ರಾವಣಗಳನ್ನು ಸಮಪ್ರಮಾಣದಲ್ಲಿ ಬೆರೆಸಿದರೆ, ಒಂದು ಚಿಟಿಕೆ ಉಪ್ಪೂ ಹಾಕದೆ 0.25 ಮೋಲಾರ್ ಉಪ್ಪು ಟ್ಯೂಬಿನಲ್ಲೇ ತಯಾರಾಗುತ್ತದೆ. ಪಾಲಿಮರ್ ಜಾಸ್ತಿ ಹಾಕಿದಷ್ಟೂ ಚೆನ್ನಾಗಿ ಬೇರ್ಪಡುತ್ತದೆ ಎಂಬುದು ಅರ್ಧ ನಿಜ. ಒಂದು ಹಂತ ದಾಟಿದರೆ ತನ್ನ ಉಪ್ಪಿನಲ್ಲಿ ತಾನೇ ಕರಗಿಬಿಡುತ್ತದೆ. ಹಾಗನ್ನಿಸಿದರೆ ಸ್ವಲ್ಪ ತೆಗೆದು ನೀರಿನಲ್ಲಿ ಹತ್ತು ಪಟ್ಟು ತೆಳು ಮಾಡಿ. ತೆಳು ಮಾಡಿದಾಗ ಮಬ್ಬು ಬಂದರೆ ರೋಗ ಪತ್ತೆಯಾಯಿತು.

ಈಗ ಎಲ್ಲಕ್ಕಿಂತ ಸಾಮಾನ್ಯ ತಪ್ಪಿಗೆ ಬರೋಣ. ಚಾರ್ಜ್ ಎಣಿಸುವುದು. ಎರಡೂ ಪಾಲಿಮರ್‌ಗಳ 1 ಗ್ರಾಂ/ಲೀಟರ್ ದ್ರಾವಣ ಮಾಡಿ ಸಮ ಸಮ ಬೆರೆಸುವುದು ಎಲ್ಲರ ರೂಢಿ. ಪಾಲಿಲೈಸಿನ್ ಹೈಡ್ರೊಬ್ರೊಮೈಡ್‌ನಲ್ಲಿ ಪ್ರತಿ ಮೋಲ್ ಚಾರ್ಜಿಗೆ ಸುಮಾರು 209 ಗ್ರಾಂ ತೂಕ. ಸೋಡಿಯಂ ಪಾಲಿಗ್ಲುಟಮೇಟ್‌ನಲ್ಲಿ ಪ್ರತಿ ಚಾರ್ಜಿಗೆ 151. ಅಂದರೆ 1 ಗ್ರಾಂ/ಲೀಟರ್ ದ್ರಾವಣದಲ್ಲಿ ಮೊದಲನೆಯದರ ಚಾರ್ಜ್ 4.8 ಮಿಲಿಮೋಲಾರ್, ಎರಡನೆಯದರದು 6.6. ಸಮ ಬೆರೆಸಿದೆ ಅಂದುಕೊಂಡಿದ್ದೀರಿ, ಋಣ ಚಾರ್ಜ್ ಸುಮಾರು 40 ಪ್ರತಿಶತ ಜಾಸ್ತಿ ಬಿದ್ದಿದೆ. ಒಂದು ಚಾರ್ಜ್ ಹೀಗೆ ಮಿಕ್ಕಿದರೆ ಗುಂಪುಗಳ ಮೈಮೇಲೆ ಅದೇ ಚಾರ್ಜ್ ಉಳಿದು, ಅವು ಒಂದನ್ನೊಂದು ದೂಡುತ್ತವೆ.

ಕಪಟಿ ಜೋಡಿಯೊಂದಿದೆ, ಎಚ್ಚರ. ಪಾಲಿಅಲೈಲ್‌ಅಮೈನ್ ಹೈಡ್ರೊಕ್ಲೋರೈಡ್ ಪ್ರತಿ ಚಾರ್ಜಿಗೆ 93.5, ಸೋಡಿಯಂ ಪಾಲಿಅಕ್ರಿಲೇಟ್ 94. ಇಲ್ಲಿ ತೂಕ ಸಮ ಮಾಡಿದರೆ ಚಾರ್ಜೂ ಸಮ ಆಗಿಬಿಡುತ್ತದೆ, ಬರೀ ಅದೃಷ್ಟದಿಂದ. ಈ ಜೋಡಿಯಲ್ಲಿ ಕೆಲಸ ಕಲಿತವರು ತೂಕದ ಚಟ ಹತ್ತಿಸಿಕೊಂಡು ಮುಂದಿನ ಜೋಡಿಯಲ್ಲಿ ಒದ್ದಾಡುತ್ತಾರೆ. ನಾನೂ ಒದ್ದಾಡಿದ್ದೇನೆ. ಬಾಟಲಿಯಲ್ಲಿರುವುದು ಸೋಡಿಯಂ ಲವಣವೋ ಆಮ್ಲವೋ ಎಂದೂ ನೋಡಿ, ಆಮ್ಲ ರೂಪವಾದರೆ 94ರ ಬದಲು 72.

ಸರಿಯಾದ ಅನುಪಾತ ಹುಡುಕಲು ಹನ್ನೊಂದು ಟ್ಯೂಬು ಸಾಲಾಗಿ ಇಡಿ. ಒಟ್ಟು ಚಾರ್ಜ್ ಒಂದೇ ಇರಲಿ, ಧನದ ಪಾಲು 0ಯಿಂದ 100 ಪ್ರತಿಶತದವರೆಗೆ ಹತ್ತತ್ತು ಏರಲಿ. ಮಬ್ಬು ಎಲ್ಲಿ ಅತಿ ಹೆಚ್ಚೋ ಸಾಮಾನ್ಯವಾಗಿ ಅಲ್ಲೇ ಸಮಾನತೆ. ಅದು 50ರಲ್ಲಿ ಬರದೆ 70ರಲ್ಲಿ ಬಂದರೆ ನಿಮ್ಮ ಧನ ಪಾಲಿಮರ್‌ನಲ್ಲಿ ನೀವು ಅಂದುಕೊಂಡಷ್ಟು ಚಾರ್ಜ್ ಇಲ್ಲ ಎಂದರ್ಥ.

ಇಷ್ಟೆಲ್ಲ ಸರಿ ಇದ್ದೂ ಮಬ್ಬಿಲ್ಲದಿದ್ದರೆ ಸರಪಳಿ ತೀರಾ ಗಿಡ್ಡ ಇರಬಹುದು. ಉದ್ದ ಸರಪಳಿ ತಡೆದುಕೊಳ್ಳುವ ಉಪ್ಪನ್ನು ಗಿಡ್ಡದ್ದು ತಡೆದುಕೊಳ್ಳುವುದಿಲ್ಲ. ಪಾಲಿಮರ್ ಬದಲಿಸುವ ಮಾತು ಬರುವುದು ಈಗ, ಮೊದಲಲ್ಲ.

## ಲಕ್ಷಣ: ಬೆರೆಸುವ ಮೊದಲೇ ಒಂದು ದ್ರಾವಣ ಮಬ್ಬು

ಹಳೆಯ ದ್ರಾವಣವೇ? ಮೂಸಬೇಡಿ, ಬೆಳಕಿಗೆ ಹಿಡಿದು ನೋಡಿ. ಜೆಲಟಿನ್, ಗಮ್, ಆಲ್ಜಿನೇಟ್ ಎಲ್ಲವೂ ಸೂಕ್ಷ್ಮಜೀವಿಗಳಿಗೆ ಹಬ್ಬ. ಕೊಠಡಿಯ ಉಷ್ಣತೆಯಲ್ಲಿ ಕೆಲವು ದಿನ ಇಟ್ಟದ್ದನ್ನು ಎಸೆದು ಹೊಸದು ಮಾಡಿ. ಕೆಡದಿರಲಿ ಎಂದು ಸೋಡಿಯಂ ಅಜೈಡ್ ಹಾಕಿದ ದ್ರಾವಣ ಇದ್ದರೆ ಅದಕ್ಕೆ ಆಮ್ಲ ಸೇರಿಸಲೇಬಾರದು, ವಿಷಾನಿಲ ಬರುತ್ತದೆ. ಸಿಂಕಿಗೂ ಸುರಿಯಬಾರದು, ಲೋಹದ ಪೈಪಿನಲ್ಲಿ ಸ್ಫೋಟಿಸುವ ವಸ್ತು ಕಟ್ಟಿಕೊಳ್ಳಬಹುದು.

ಹೊಸದೇ ಮಬ್ಬಾಗಿದ್ದರೆ ಬಫರನ್ನು ಅನುಮಾನಿಸಿ. ಪಾಲಿಅಲೈಲ್‌ಅಮೈನ್ ಫಾಸ್ಫೇಟ್ ಬಫರಿನಲ್ಲಿ ಒಬ್ಬಂಟಿಯಾಗಿಯೇ ಮಬ್ಬಾಗಬಲ್ಲದು. ಒಂದಕ್ಕಿಂತ ಹೆಚ್ಚು ಋಣ ಚಾರ್ಜಿರುವ ಫಾಸ್ಫೇಟ್ ಎರಡು ಸರಪಳಿಗಳ ಕೈ ಹಿಡಿದು ಹತ್ತಿರ ತರುತ್ತದೆ. ಅತ್ತ ಪಾಲಿಅಕ್ರಿಲೇಟ್ ಮತ್ತು ಆಲ್ಜಿನೇಟ್‌ಗೆ ಕ್ಯಾಲ್ಸಿಯಂ ಅದೇ ಕೆಲಸ ಮಾಡುತ್ತದೆ. ನಲ್ಲಿ ನೀರು ಬಳಸಿದ್ದರೆ ಅದೇ ಕಾರಣ ಇರಬಹುದು. ಅಯಾನು ತೆಗೆದ ನೀರಿನಲ್ಲಿ ಮತ್ತೆ ಮಾಡಿ ನೋಡಿ.

## ಲಕ್ಷಣ: ಹನಿಯ ಬದಲು ಬಿಳಿ ಎಳೆ, ಗಂಟು, ಹತ್ತಿಯಂಥ ಮುದ್ದೆ

ಬರಿಗಣ್ಣಿಗೆ ಹನಿಯೂ ಘನವೂ ಒಂದೇ ಮಬ್ಬು. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ದುಂಡಗಿದ್ದು, ಎರಡು ತಾಗಿದಾಗ ಒಂದಾಗಿ ಮತ್ತೆ ದುಂಡಗಾದರೆ ದ್ರವ. ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡು ಹಾಗೇ ನಿಂತರೆ, ಮೂಲೆ ಮೊನೆ ಇದ್ದರೆ ಘನ. ಗಾಳಿಗುಳ್ಳೆಗಳೂ ದುಂಡಗಿರುತ್ತವೆ, ಆದರೆ ಅವುಗಳ ಅಂಚು ದಪ್ಪ ಕಪ್ಪು. ಹೊಸಬರು ಗಾಳಿಗುಳ್ಳೆಯ ಫೋಟೋ ತೆಗೆದು ಸಂಭ್ರಮಪಟ್ಟದ್ದನ್ನು ನೋಡಿದ್ದೇನೆ.

ಘನ ಎಂದಾದರೆ ಮೊದಲ ಮದ್ದು ಮತ್ತೆ ಉಪ್ಪೇ. ಕೋಅಸರ್ವೇಟ್ ಮತ್ತು ಘನ ಬೇರೆ ಬೇರೆ ಜಾತಿಯಲ್ಲ, ಒಂದೇ ಹಾದಿಯ ಎರಡು ತುದಿ. ಉಪ್ಪಿಲ್ಲದಾಗ ಕೆಲವು ಜೋಡಿಗಳ ಹಿಡಿತ ಎಷ್ಟು ಬಿಗಿ ಎಂದರೆ ಸರಪಳಿಗಳು ಜಾರಿ ಜಾಗ ಬದಲಿಸಲಾರವು. ಬಿದ್ದ ಭಂಗಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಉಪ್ಪು ಏರಿಸಿದಂತೆ ಹಿಡಿತ ಸಡಿಲವಾಗಿ ಘನ ಮೆತ್ತಗಾಗುತ್ತದೆ, ಆಮೇಲೆ ಹರಿಯುತ್ತದೆ, ಕೊನೆಗೆ ಪೂರ್ತಿ ಕರಗುತ್ತದೆ. ನಿಮಗೆ ಬೇಕಾದದ್ದು ನಡುವಿನ ಪಟ್ಟಿ. ಹತ್ತು ಟ್ಯೂಬಿನಲ್ಲಿ ಉಪ್ಪನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಒಂದು ರಾತ್ರಿ ಬಿಟ್ಟು, ಪ್ರತಿಯೊಂದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿ. ಬೇಸರದ ಕೆಲಸ, ಆದರೆ ಇದರಷ್ಟು ಕಲಿಸುವ ಪ್ರಯೋಗ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಪಾಲಿಸ್ಟೈರೀನ್ ಸಲ್ಫೊನೇಟ್ ಮತ್ತು ಪಿಡ್ಯಾಡ್‌ಮ್ಯಾಕ್ ಜೋಡಿಗೆ ಸೋಡಿಯಂ ಕ್ಲೋರೈಡ್ ಹಾಕಿ ಹಾಕಿ ಸುಸ್ತಾದವರು ಪೊಟ್ಯಾಸಿಯಂ ಬ್ರೋಮೈಡ್ ಪ್ರಯತ್ನಿಸಿ. ಬ್ರೋಮೈಡ್ ತನ್ನ ಸುತ್ತಲ ನೀರನ್ನು ಕ್ಲೋರೈಡಿನಷ್ಟು ಬಿಗಿಯಾಗಿ ಹಿಡಿದಿರುವುದಿಲ್ಲ. ಹಾಗಾಗಿ ಧನ ಸರಪಳಿಗೆ ಸುಲಭವಾಗಿ ಅಂಟಿ ಜೋಡಿಯನ್ನು ಬಿಡಿಸುತ್ತದೆ. ಒಂದೇ ಮೋಲಾರ್, ಬೇರೆ ಉಪ್ಪು, ಬೇರೆ ಫಲ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಸುಮ್ಮನೆ "ಉಪ್ಪು" ಎಂದು ಬರೆದರೆ ಸಾಲದು, ಯಾವ ಉಪ್ಪು ಎಂದು ಬರೆಯಿರಿ.

ಉಪ್ಪಿಗೂ ಬಗ್ಗದ ಘನ ಬಂದರೆ ಚಾರ್ಜಿನ ಜೊತೆ ಇನ್ನೇನೋ ಸೇರಿದೆ. ಪಾಲಿಲೈಸಿನ್ ಮತ್ತು ಪಾಲಿಗ್ಲುಟಮೇಟ್ ಬಳಸುವವರು ಲೇಬಲ್ ಮೇಲಿನ ಪುಟ್ಟ ಅಕ್ಷರ ನೋಡಲಿ. ಇವುಗಳ ಘಟಕಗಳಿಗೆ ಎಡಗೈ ಬಲಗೈಯಂತೆ ಎಲ್, ಡಿ ಎಂಬ ಎರಡು ರೂಪ. ಎರಡೂ ಪಾಲಿಮರ್‌ಗಳು ಪೂರ್ತಿ ಎಲ್ ರೂಪದವಾದರೆ ಸರಪಳಿಗಳು ಪಕ್ಕಪಕ್ಕ ಸಾಲಾಗಿ ಬೀಟಾ ಹಾಳೆ ಕಟ್ಟಿ ಘನವಾಗುತ್ತವೆ. ಒಂದರಲ್ಲಾದರೂ ಎಲ್ ಮತ್ತು ಡಿ ಕಲಸಿದ್ದರೆ ಹಾಳೆ ಕೂಡಿಕೊಳ್ಳದೆ ಹನಿಯಾಗುತ್ತದೆ. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ನೋಡುವ ಮುಂಚೆ ಎಷ್ಟು ಜನ ಉಪ್ಪು, ಪಿಎಚ್ ಎಂದು ತಲೆ ಚಚ್ಚಿಕೊಂಡಿದ್ದರೋ! ಇಂಥ ಹಾಳೆಯನ್ನು ಬಿಡಿಸಲು ಯೂರಿಯಾ ನೆರವಾಗುತ್ತದೆ. ಉಪ್ಪಿಗೆ ಕರಗದೆ ಯೂರಿಯಾಕ್ಕೆ ಹನಿಯಾದರೆ ಹೈಡ್ರೊಜನ್ ಬಂಧವೇ ತಂಟೆಕೋರ.

ಜೆಲಟಿನ್ ಆದರೆ ಥರ್ಮಾಮೀಟರ್ ಹಾಕಿ ನೋಡಿ. 40 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ದ್ರವ ಹನಿ. ತಣ್ಣಗಾದ ಗಾಜಿನ ಸ್ಲೈಡಿನ ಮೇಲೆ ಇಟ್ಟ ಕೂಡಲೇ ಜೆಲ್ಲಾಗಿ ಹೆಪ್ಪುಗಟ್ಟುತ್ತದೆ. ನಿಮ್ಮ ಟ್ಯೂಬಿನಲ್ಲಿ ದೋಷವಿಲ್ಲ, ಸ್ಲೈಡ್ ತಣ್ಣಗಿದೆ ಅಷ್ಟೆ.

## ಲಕ್ಷಣ: ಮಬ್ಬು ದಿನಗಟ್ಟಲೆ ಕೂರುತ್ತಲೇ ಇಲ್ಲ

ಮೊದಲು ತಾಳ್ಮೆಯ ಲೆಕ್ಕ. ಹನಿಯ ಸಾಂದ್ರತೆ ನೀರಿಗಿಂತ 5 ಪ್ರತಿಶತ ಹೆಚ್ಚು ಎಂದುಕೊಂಡರೆ, 1 ಮೈಕ್ರಾನ್ ಅಡ್ಡಳತೆಯ ಹನಿ ಗಂಟೆಗೆ ಸುಮಾರು 0.1 ಮಿಲಿಮೀಟರ್ ಇಳಿಯುತ್ತದೆ. ಒಂದು ಸೆಂಟಿಮೀಟರಿಗೆ ನಾಲ್ಕು ದಿನ. 10 ಮೈಕ್ರಾನಿನ ಹನಿ ಅದೇ ದೂರವನ್ನು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಆದ್ದರಿಂದ ಪ್ರಶ್ನೆ ಯಾಕೆ ಕೂರುತ್ತಿಲ್ಲ ಎಂಬುದಲ್ಲ, ಹನಿಗಳು ಯಾಕೆ ಒಂದಾಗಿ ದೊಡ್ಡದಾಗುತ್ತಿಲ್ಲ ಎಂಬುದು.

ಉತ್ತರ ಹೆಚ್ಚಾಗಿ ಅನುಪಾತದಲ್ಲೇ ಇರುತ್ತದೆ. ಒಂದು ಚಾರ್ಜ್ ಸ್ವಲ್ಪ ಮಿಕ್ಕಿದ್ದರೆ ಹನಿಗಳ ಮೈಮೇಲೆಲ್ಲ ಅದೇ ಇರುತ್ತದೆ. ಕೊರತೆ ಇರುವ ಪಾಲಿಮರನ್ನು ಚೂರು ಚೂರೇ ಸೇರಿಸಿ. ಒಂದು ಹಂತದಲ್ಲಿ ಮಬ್ಬು ಇದ್ದಕ್ಕಿದ್ದಂತೆ ಒರಟಾಗಿ ಕೂರತೊಡಗುತ್ತದೆ. ಝೀಟಾ ವಿಭವ (ಹನಿಯ ಮೈಮೇಲಿನ ಚಾರ್ಜಿನ ಸೂಚಕ) ಅಳೆಯುವ ಯಂತ್ರ ಸಿಕ್ಕರೆ ಅದೇ ಹಂತದಲ್ಲಿ ಸೊನ್ನೆಯ ಹತ್ತಿರ ಇರುವುದು ಕಾಣುತ್ತದೆ. ಸ್ವಲ್ಪ ಉಪ್ಪೂ ಹನಿಗಳ ಜಗಳ ಬಿಡಿಸುತ್ತದೆ, 10 ರಿಂದ 50 ಮಿಲಿಮೋಲಾರ್ ಸೇರಿಸಿ ನೋಡಿ.

ಸೆಂಟ್ರಿಫ್ಯೂಜ್ ಕೊನೆಗೆ. ಎದುರುಬದುರು ಟ್ಯೂಬುಗಳ ತೂಕ ಸಮ ಇರಲೇಬೇಕು. ಯಂತ್ರದ ಒಳಗಿನ ಉಷ್ಣತೆಯನ್ನೂ ನೋಡಿ, ಜೆಲಟಿನ್ ಜೋಡಿಯನ್ನು ತಣ್ಣನೆಯ ಯಂತ್ರಕ್ಕೆ ಹಾಕಿದರೆ ತಳದಲ್ಲಿ ಸಿಗುವುದು ಜೆಲ್.

## ಲಕ್ಷಣ: ಮಬ್ಬು ಬಂತು, ಆಮೇಲೆ ತಾನೇ ಮಾಯವಾಯಿತು

ಟ್ಯೂಬನ್ನು ಓರೆ ಮಾಡಿ ತಳ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲೊಂದು ಪಾರದರ್ಶಕ ತೆಳು ಪದರ ಇರುತ್ತದೆ. ಹನಿಗಳು ಒಂದಾಗಿ ಕೂತಿವೆ, ಕೆಲಸ ಚೆನ್ನಾಗಿಯೇ ಆಗಿದೆ. ಬೆಳಕು ಚದುರಿಸಲು ಹನಿಗಳು ಉಳಿದಿಲ್ಲ ಅಷ್ಟೆ. ಬೆಳಕಿನ ಯಂತ್ರದಲ್ಲಿ 500 ನ್ಯಾನೋಮೀಟರಿನ ಆಸುಪಾಸು ಮಬ್ಬು ಅಳೆಯುವವರು ಇಲ್ಲಿ ಮೋಸ ಹೋಗುತ್ತಾರೆ. ಮಬ್ಬಿನ ಅಂಕಿ ಎಷ್ಟು ಪಾಲಿಮರ್ ಬೇರ್ಪಟ್ಟಿದೆ ಎಂದು ಹೇಳುವುದಿಲ್ಲ. ಹನಿಗಳ ಗಾತ್ರ ಮತ್ತು ಸಂಖ್ಯೆ ಎರಡೂ ಅದರಲ್ಲಿ ಕಲಸಿಹೋಗಿರುತ್ತವೆ. ಪ್ರತಿ ಸಲವೂ ಬೆರೆಸಿದ ಮೇಲೆ ಅಷ್ಟೇ ನಿಮಿಷಕ್ಕೆ ಅಳೆದರೆ ಹೋಲಿಸಬಹುದು, ಇಲ್ಲವಾದರೆ ಬೇಡ.

## ಲಕ್ಷಣ: ನಿನ್ನೆ ಬಂದದ್ದು ಇವತ್ತು ಬರಲಿಲ್ಲ

ಇದು ತಲೆ ಕೆಡಿಸುವ ಲಕ್ಷಣ. ಅನುಮಾನಿಸಬೇಕಾದವರು ಮೂವರು.

ಒಬ್ಬ ಪುಡಿಯೊಳಗಿನ ನೀರು. ಚಾರ್ಜಿರುವ ಪಾಲಿಮರ್‌ಗಳು ಗಾಳಿಯ ತೇವ ಹೀರುತ್ತವೆ. ನಿನ್ನೆ ತೂಗಿದ ಒಂದು ಗ್ರಾಂ ಮತ್ತು ಇವತ್ತಿನ ಒಂದು ಗ್ರಾಂ ಒಂದೇ ಅಲ್ಲ. ಒಣಗಿಸಿ ತೂಗಿ, ಡಬ್ಬಿಯ ಮುಚ್ಚಳ ಬಿಗಿ ಮಾಡಿ.

ಇನ್ನೊಬ್ಬ ಬೆರೆಸಿದ ಕ್ರಮ. ಧನಕ್ಕೆ ಋಣ ಸುರಿದಿರೋ, ಋಣಕ್ಕೆ ಧನವೋ? ನಿಧಾನವಾಗಿಯೋ, ಒಮ್ಮೆಲೇ ಸುರಿದೋ? ಬಿಗಿ ಹಿಡಿತದ ಜೋಡಿಗಳಲ್ಲಿ ಇದರಿಂದ ಫಲಿತಾಂಶವೇ ಬದಲಾಗುತ್ತದೆ, ಯಾಕೆಂದರೆ ಸಿಕ್ಕಿಹಾಕಿಕೊಂಡ ಸರಪಳಿಗಳು ತಪ್ಪು ತಿದ್ದಿಕೊಳ್ಳಲಾರವು. ಪರೀಕ್ಷೆ ಸುಲಭ. ಉಪ್ಪು ಜಾಸ್ತಿ ಹಾಕಿ ಪೂರ್ತಿ ಕರಗಿಸಿ, ಆಮೇಲೆ ನೀರು ಸೇರಿಸುತ್ತಾ ಉಪ್ಪು ಇಳಿಸಿ ಬನ್ನಿ. ಎರಡು ದಾರಿಯಿಂದ ಬಂದರೂ ಒಂದೇ ಊರು ಸಿಕ್ಕರೆ ಅದು ನಿಜವಾದ ಸಮತೋಲನ. ಬೇರೆ ಬೇರೆ ಸಿಕ್ಕರೆ ನಿಮ್ಮ ಟ್ಯೂಬಿನಲ್ಲಿರುವುದು ಅರ್ಧದಾರಿಯಲ್ಲಿ ನಿಂತ ಸ್ಥಿತಿ.

ಮೂರನೆಯವ ಪಿಎಚ್ ಮೀಟರ್. ನಾನೊಮ್ಮೆ ವಾರಗಟ್ಟಲೆ ಪಾಲಿಮರ್ ಬೈದು, ಕೊನೆಗೆ ಎಲೆಕ್ಟ್ರೋಡ್ ಒಣಗಿಹೋಗಿತ್ತು ಎಂದು ತಿಳಿದುಕೊಂಡೆ. ಅದಾದ ಮೇಲೆ ದಿನಾ ಬೆಳಿಗ್ಗೆ ಎರಡು ಬಫರಿನಲ್ಲಿ ಸರಿಹೊಂದಿಸದೆ ಮುಟ್ಟುವುದಿಲ್ಲ. ಧನ ಪಾಲಿಮರ್ ಎಲೆಕ್ಟ್ರೋಡಿನ ಗಾಜಿಗೂ ಅಂಟುತ್ತದೆ, ಪ್ರತಿ ಸಲ ಉಪ್ಪು ನೀರಲ್ಲಿ ತೊಳೆಯಿರಿ.

## ಲಕ್ಷಣ: ಹನಿಗಳು ಸ್ಲೈಡಿನ ಮೇಲೆ ಚಪ್ಪಟೆಯಾಗಿ ಹರಡಿವೆ

ದೋಷವಲ್ಲ. ಗಾಜಿನ ಮೈಗೆ ಋಣ ಚಾರ್ಜ್ ಇದೆ, ಹನಿಗೂ ನೀರಿಗೂ ನಡುವಿನ ಮೇಲ್ಮೈ ಸೆಳೆತ ತೀರಾ ಕಡಿಮೆ. ನೀರಿಗೂ ಗಾಳಿಗೂ ನಡುವೆ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಇಲ್ಲಿ ಸಾಮಾನ್ಯವಾಗಿ 1ಕ್ಕಿಂತ ಕೆಳಗೆ. ಪಾಲಿಎಥಿಲೀನ್ ಗ್ಲೈಕಾಲ್ ಹಚ್ಚಿದ ಗಾಜು ಬಳಸಿ.

## ಲಕ್ಷಣ: ಎರಡು ಪದರ ಬಂದಿವೆ, ಆದರೆ ಉಪ್ಪಿಗೆ ಜಗ್ಗುವುದಿಲ್ಲ

ಎರಡು ಪದರ ಎಂದ ಮಾತ್ರಕ್ಕೆ ಕೋಅಸರ್ವೇಟ್ ಅಲ್ಲ. ಎರಡು ಪಾಲಿಮರ್‌ಗಳು ಒಂದಕ್ಕೊಂದು ಇಷ್ಟವಾಗದೆಯೂ ಬೇರೆಯಾಗುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಡೆಕ್ಸ್‌ಟ್ರಾನ್ ಹೀಗೆ ಮಾಡುತ್ತವೆ, ಚಾರ್ಜಿನ ಹಂಗೇ ಇಲ್ಲದೆ. ಗುರುತು ಸುಲಭ. ಕೋಅಸರ್ವೇಟಿನಲ್ಲಿ ಎರಡೂ ಪಾಲಿಮರ್‌ಗಳು ಒಂದೇ ಪದರದಲ್ಲಿ, ಇನ್ನೊಂದು ಬರೀ ನೀರಿನಂತೆ. ದೂರವಾದ ಜೋಡಿಯಲ್ಲಿ ಮೇಲೊಂದು, ಕೆಳಗೊಂದು. ಎರಡೂ ಪದರದಿಂದ ಅಷ್ಟಷ್ಟು ತೆಗೆದು ಒಣಗಿಸಿ ತೂಗಿದರೆ ಗೊತ್ತಾಗುತ್ತದೆ. ಟೊಲುಇಡೀನ್ ಬ್ಲೂ ಬಣ್ಣವೂ ಸಹಾಯಕ್ಕೆ ಬರುತ್ತದೆ, ಋಣ ಪಾಲಿಮರ್ ಸಿಕ್ಕಲ್ಲಿ ಅದು ನೀಲಿಯಿಂದ ನೇರಳೆಗೆ ತಿರುಗುತ್ತದೆ.

## ಲಕ್ಷಣ: ಟ್ಯೂಬ್ ಸರಿ, ಲೆಕ್ಕದ ಗೆರೆ ಸರಿಹೊಂದುತ್ತಿಲ್ಲ

ಈ ಬೇರ್ಪಡಿಕೆಯನ್ನು ಲೆಕ್ಕ ಹಾಕಲು ಓವರ್‌ಬೀಕ್ ಮತ್ತು ವೂರ್ನ್ ಎಂಬ ವಿಜ್ಞಾನಿಗಳು 1957ರಲ್ಲಿ ಕೊಟ್ಟ ಸೂತ್ರವನ್ನು ಹಾಕಿ ನೋಡಿದ್ದೀರಾ? ಹಾಗಾದರೆ ಹೊಂದದಿರುವುದು ನಿಮ್ಮ ತಪ್ಪಲ್ಲದಿರಬಹುದು. ಆ ಸೂತ್ರ ಸರಪಳಿಯ ಚಾರ್ಜುಗಳನ್ನು ಬಿಡಿ ಅಯಾನುಗಳಂತೆ ಎಣಿಸುತ್ತದೆ, ಅವು ದಾರದಲ್ಲಿ ಪೋಣಿಸಿದ ಮಣಿಗಳು ಎಂಬುದನ್ನು ಮರೆಯುತ್ತದೆ. ಉಪ್ಪು ಮಂದ ಪದರದಲ್ಲಿ ಜಾಸ್ತಿ ಇರುತ್ತದೆ ಎಂದು ಅದು ಹೇಳಿದರೆ, ಅಳೆದು ನೋಡಿದವರಿಗೆ ಹಲವು ಜೋಡಿಗಳಲ್ಲಿ ಮೇಲಿನ ತಿಳಿಯಲ್ಲೇ ಜಾಸ್ತಿ ಸಿಕ್ಕಿದೆ. ದಿಕ್ಕು ತೋರಿಸಲು ಸೂತ್ರ ಒಳ್ಳೆಯದು, ಅಂಕಿಗೆ ಅಲ್ಲ.

## ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಕಣ್ಣಿಗೆ ಧನ ಪಾಲಿಮರ್ ಹಾರಿದರೆ ಮಿಕ್ಕೆಲ್ಲ ಬಿಟ್ಟು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಅಜೈಡ್ ಇದ್ದ ದ್ರಾವಣಕ್ಕೆ ಆಮ್ಲ ಬಿತ್ತು ಎಂಬ ಅನುಮಾನ ಬಂದರೂ ಕೊಠಡಿಯಿಂದ ಹೊರಗೆ ಬಂದು ಜವಾಬ್ದಾರರಿಗೆ ತಿಳಿಸಿ. ಹನಿಗಳನ್ನು ಗಟ್ಟಿಮಾಡಲು ಗ್ಲುಟರಾಲ್ಡಿಹೈಡ್ ಬಳಸುವ ಯೋಚನೆ ಇದ್ದರೆ ಫ್ಯೂಮ್ ಹುಡ್ ಇಲ್ಲದೆ ಮುಚ್ಚಳ ತೆಗೆಯಬೇಡಿ.

ಪ್ರಯೋಗದ ಮಟ್ಟಿಗೆ ನನ್ನ ಗೆರೆ ಇದು. ಪಿಎಚ್, ಚಾರ್ಜ್ ಅನುಪಾತ, ಉಪ್ಪಿನ ಮೆಟ್ಟಿಲು, ಮೈಕ್ರೋಸ್ಕೋಪ್ ನಾಲ್ಕೂ ಮುಗಿದು, ಎರಡು ಸಲ ಅದೇ ಫಲಿತಾಂಶ ಬಂದರೆ ಇನ್ನು ಒಬ್ಬರೇ ಗುದ್ದಾಡಬೇಡಿ. ಸರಪಳಿಯ ಉದ್ದ ಅಳೆಯುವುದು, ಚಾರ್ಜನ್ನು ಟೈಟ್ರೇಷನ್‌ನಿಂದ ಎಣಿಸುವುದು, ಹನಿಯೊಳಗೆ ಅಣುಗಳು ಎಷ್ಟು ಬೇಗ ಓಡಾಡುತ್ತವೆ ಎಂದು ಹೊಳೆಯುವ ಬಣ್ಣದಿಂದ ನೋಡುವುದು, ಇವೆಲ್ಲ ಯಂತ್ರ ಇರುವವರ ಕೆಲಸ. ಅವರ ಹತ್ತಿರ ಹೋಗುವಾಗ ಬರೀ "ಮಬ್ಬು ಬರ್ತಿಲ್ಲ" ಎನ್ನಬೇಡಿ. ಯಾವ ಪಾಲಿಮರ್, ಯಾವ ಲವಣ ರೂಪ, ಚಾರ್ಜ್ ಲೆಕ್ಕದಲ್ಲಿ ಎಷ್ಟು ಮಿಲಿಮೋಲಾರ್, ಬೆರೆಸಿದ ಮೇಲಿನ ಪಿಎಚ್, ಯಾವ ಉಪ್ಪು ಎಷ್ಟು, ಉಷ್ಣತೆ, ಯಾವುದನ್ನು ಯಾವುದಕ್ಕೆ ಸುರಿದಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಉಪ್ಪಿನ ಹನಿ ಹಾಕಿದ ಟ್ಯೂಬು, ನೀರು ಹಾಕಿದ ಟ್ಯೂಬು, ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ಜೊತೆಗಿರಲಿ.